ಕುದುರೆ ಜೊತೆ ಮೊದಲ ಸಲ ಕ್ಯಾಂಪಿಂಗ್: ರಾತ್ರಿ ಹೇಗೆ ಕಟ್ಟುವುದು, ಕೆರೆ ನೀರು ಕುಡಿಸಬಹುದಾ?

ಹೊಸ ಸವಾರ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಕುದುರೆ ಸವಾರಿ ಮಾಡುತ್ತೇವೆ. ಇಷ್ಟು ದಿನ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವ ಸವಾರಿಯೇ ಆಗಿತ್ತು. ಈಗ ಒಂದು ಕ್ಯಾಂಪ್‌ಗ್ರೌಂಡ್ ನೋಡಿದ್ದೇವೆ. ಕುದುರೆ ತರುವವರಿಗೆ ಅಂತಲೇ ಅಲ್ಲಿ ಬೇರೆ ಜಾಗ ಇದೆ, ಅಲ್ಲಿಂದಲೇ ಕಾಡಿನೊಳಗೆ ಸವಾರಿಯ ದಾರಿಗಳು ಶುರುವಾಗುತ್ತವೆ, ಸ್ವಲ್ಪ ಕೆಳಗೆ ಇಳಿದರೆ ದೊಡ್ಡ ಕೆರೆ. ಒಂದು ವಾರಾಂತ್ಯ ಟೆಂಟ್ ಹಾಕಿಕೊಂಡು ಅಲ್ಲೇ ಉಳಿಯಬೇಕು ಅಂತ ತುಂಬಾ ಆಸೆ.

ಹಗಲಿನ ಬಗ್ಗೆ ಚಿಂತೆ ಇಲ್ಲ, ರಾತ್ರಿಯದ್ದೇ ಚಿಂತೆ. ನಮ್ಮ ಎರಡೂ ಕುದುರೆಗಳು ಮನೆಯಲ್ಲಿ ಬೇಲಿಯೊಳಗೆ ಬಿಟ್ಟೇ ಇರುತ್ತವೆ. ರಾತ್ರಿಯಿಡೀ ಕಟ್ಟಿ ಅಭ್ಯಾಸವೇ ಇಲ್ಲ. ಗಂಡು 12 ವರ್ಷದ್ದು, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತದೆ. ಹೆಣ್ಣು 6 ವರ್ಷದ್ದು. ಗಂಡು ಕಣ್ಣಿಗೆ ಕಾಣದಿದ್ದರೆ ಸಾಕು, ಕೆನೆದು ಕೆನೆದು ಊರು ಒಂದು ಮಾಡುತ್ತದೆ, ಗೊರಸಿನಿಂದ ನೆಲ ಕೆರೆಯುತ್ತದೆ. ಆ ಕ್ಯಾಂಪ್‌ನಲ್ಲಿ ಲಾಯ ಇಲ್ಲ. ಬರೀ ಮರಗಳಿವೆ, ಅಷ್ಟೆ. ಮರಕ್ಕೆ ಕಟ್ಟಬಹುದಾ? ಉದ್ದ ಹಗ್ಗ ಬಿಟ್ಟು ಗೂಟಕ್ಕೆ ಕಟ್ಟಿದರೆ ಮೇಯ್ದುಕೊಂಡು ಇರುತ್ತವಲ್ಲ, ಅದು ಒಳ್ಳೆಯದಾ?

ಇನ್ನೊಂದು ವಿಷಯ ಕೆರೆಯದ್ದು. ಅಲ್ಲಿನ ನೀರೇ ಕುಡಿಸಬಹುದಾ, ಇಲ್ಲಾ ಮನೆಯಿಂದ ಒಯ್ಯಬೇಕಾ? ಕುದುರೆಯನ್ನು ನೀರಿಗಿಳಿಸಿ ಈಜಿಸುವುದು ಅಂದರೆ ಹೆಂಡತಿಗೆ ತುಂಬಾ ಇಷ್ಟ. ಆದರೆ ನಮ್ಮ ಕುದುರೆಗಳು ಮೊಣಕಾಲು ನೀರಿಗಿಂತ ಆಚೆ ಹೋಗಿಯೇ ಇಲ್ಲ.

ಅನುಭವ ಇರುವವರು ದಯವಿಟ್ಟು ಹೇಳಿ. ಉದ್ದ ಬರೆದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.

ಸಡಿಲ ಲಗಾಮು

ಸರ್, ನೀವು ರಾತ್ರಿಯ ಬಗ್ಗೆ ಮೊದಲು ಕೇಳಿದ್ದು ನೋಡಿ ಖುಷಿಯಾಯಿತು. ಹೊಸಬರು ಸಾಮಾನ್ಯವಾಗಿ ಯಾವ ದಾರಿ ಚೆನ್ನಾಗಿದೆ, ಯಾವ ಟೆಂಟ್ ತರಬೇಕು ಅಂತ ಕೇಳುತ್ತಾರೆ. ಕುದುರೆ ಜೊತೆ ಕ್ಯಾಂಪ್ ಮಾಡುವಾಗ ಕೆಡುವುದು ಹೆಚ್ಚಾಗಿ ರಾತ್ರಿಯೇ. ಅದಕ್ಕೆ ತಯಾರಿ ನಡೆಯಬೇಕಾದದ್ದು ಕ್ಯಾಂಪ್‌ನಲ್ಲಿ ಅಲ್ಲ, ನಿಮ್ಮ ಮನೆಯ ಹಿತ್ತಲಲ್ಲಿ.

ಮೊದಲು ಉದ್ದ ಹಗ್ಗದ ಗೂಟದ ವಿಷಯ. ಬೇಡ. ಕಾಲಿಗೆ ಹಗ್ಗ ಸುತ್ತಿಕೊಂಡಾಗ ಹೆದರದೆ ನಿಂತು ಬಿಡಿಸಿಕೊಳ್ಳುವುದನ್ನು ಕಲಿಸಿದ ಕುದುರೆಗೆ ಮಾತ್ರ ಅದು ಸರಿ. ಕಲಿಯದ ಕುದುರೆ ಹಿಂಗಾಲು ಸಿಕ್ಕಿಕೊಂಡರೆ ಎಳೆಯುತ್ತದೆ, ಹಗ್ಗ ಹಿಂಗಾಲಿನ ಗೊರಸಿನ ಮೇಲಿನ ಗುಂಡಿಯಲ್ಲಿ ಉಜ್ಜಿ ಚರ್ಮ ಸುಟ್ಟಂತೆ ಎದ್ದು ಹೋಗುತ್ತದೆ. ಆ ಗಾಯ ವಾಸಿಯಾಗಲು ಬಹಳ ದಿನ ಬೇಕು, ಏಕೆಂದರೆ ಪ್ರತಿ ಹೆಜ್ಜೆಗೂ ಆ ಜಾಗ ಮಡಚುತ್ತದೆ. ಗೂಟ ಕಿತ್ತುಕೊಂಡರೆ ಇನ್ನೂ ಕಷ್ಟ. ಹಿಂದೆ ಕುಣಿಯುತ್ತಾ ಬರುವ ಗೂಟಕ್ಕೆ ಹೆದರಿ ಕುದುರೆ ಓಡುತ್ತಲೇ ಇರುತ್ತದೆ.

ನೇರವಾಗಿ ಮರಕ್ಕೆ ಕಟ್ಟುವುದೂ ಬೇಡ. ಒಂದು ಅರ್ಧ ಗಂಟೆ ಜೀನು ಬಿಗಿಯುವಾಗ ಕಟ್ಟುವುದು ಬೇರೆ ಮಾತು. ರಾತ್ರಿಯೆಲ್ಲ ಕಟ್ಟಿದರೆ ಅದು ಮರವನ್ನು ಸುತ್ತುತ್ತದೆ, ಹಗ್ಗ ಗಿಡ್ಡವಾಗುತ್ತಾ ಹೋಗುತ್ತದೆ, ಕೊನೆಗೆ ಮೂತಿ ಮರಕ್ಕೆ ಒತ್ತಿಕೊಂಡು ನಿಂತಿರುತ್ತದೆ. ನಿಮ್ಮ ಹೆಣ್ಣು ಕುದುರೆ ನೆಲ ಕೆರೆಯುತ್ತದೆ ಅಂದಿರಿ, ಬೆಳಿಗ್ಗೆ ಹೊತ್ತಿಗೆ ಮರದ ಬೇರುಗಳೆಲ್ಲ ಹೊರಗೆ ಬಂದಿರುತ್ತವೆ. ಬೇಜಾರಾದರೆ ತೊಗಟೆ ತಿನ್ನುತ್ತದೆ. ತೊಗಟೆ ಸುತ್ತಲೂ ಹೋದರೆ ಆ ಮರ ಸತ್ತಂತೆಯೇ. ಇಂಥದ್ದು ಜಾಸ್ತಿಯಾಗಿಯೇ ಎಷ್ಟೋ ಕಡೆ ಕುದುರೆಗಳಿಗೆ ಪ್ರವೇಶ ನಿಲ್ಲಿಸುತ್ತಾರೆ. ನನಗೆ ಈ ವಿಷಯದಲ್ಲಿ ಸ್ವಲ್ಪ ಕೋಪವೂ ಇದೆ. ನಾಲ್ಕು ಜನ ಹೀಗೆ ಮಾಡಿ ಹೋದರೆ ಉಳಿದವರಿಗೆಲ್ಲ ಬಾಗಿಲು ಮುಚ್ಚುತ್ತದೆ.

ಹಾಗಾದರೆ ಏನು ಮಾಡುವುದು? ಹೈಲೈನ್. ಎರಡು ಗಟ್ಟಿ ಮರಗಳ ನಡುವೆ ತಲೆಗಿಂತ ಮೇಲೆ ಒಂದು ಹಗ್ಗ ಬಿಗಿಯಾಗಿ ಕಟ್ಟಿ, ಅದರಿಂದ ಕುದುರೆಯ ಹಗ್ಗವನ್ನು ಕೆಳಗೆ ಇಳಿಬಿಡುವುದು. ಎತ್ತರ ಕನಿಷ್ಠ 2 ಮೀಟರ್‌ಗಿಂತ ಮೇಲೆ, ದೊಡ್ಡ ಕುದುರೆಯಾದರೆ ಇನ್ನೂ ಮೇಲೆ. ಮರಕ್ಕೆ ಹಗ್ಗ ನೇರವಾಗಿ ಸುತ್ತಬೇಡಿ, 5 ಸೆಂಟಿಮೀಟರ್‌ಗಿಂತ ಅಗಲವಾದ ಪಟ್ಟಿ ಸುತ್ತಿ ಅದಕ್ಕೆ ಹಗ್ಗ ಕಟ್ಟಿ, ತೊಗಟೆ ಉಳಿಯುತ್ತದೆ. ಹಗ್ಗ ಹಿಗ್ಗದ ಜಾತಿಯದ್ದಾಗಿರಲಿ. ನೈಲಾನ್ ಹಗ್ಗ ಎಷ್ಟು ಬಿಗಿದರೂ ರಾತ್ರಿ ಹೊತ್ತಿಗೆ ಜೋತುಬೀಳುತ್ತದೆ, ಜೋತುಬಿದ್ದ ಹೈಲೈನ್ ಇದ್ದೂ ಇಲ್ಲದಂತೆ. ಕುದುರೆಯ ಹಗ್ಗ ಕಟ್ಟುವ ಜಾಗದಲ್ಲಿ ಗಂಟು ಅಥವಾ ಕೊಂಡಿ ಇರಲಿ, ಇಲ್ಲದಿದ್ದರೆ ಎರಡೂ ಜಾರಿಕೊಂಡು ಒಂದರ ಮೇಲೊಂದು ಬರುತ್ತವೆ. ತಿರುಗುವ ಕೊಂಡಿ ಸಿಕ್ಕರೆ ಇನ್ನೂ ಒಳ್ಳೆಯದು, ಹಗ್ಗ ಹುರಿಗೊಳ್ಳುವುದಿಲ್ಲ. ಮರದಿಂದ 2 ಮೀಟರ್ ದೂರ, ಕುದುರೆಯಿಂದ ಕುದುರೆಗೆ 3 ರಿಂದ 4 ಮೀಟರ್ ದೂರ. ಜೊತೆಗಿದ್ದರೂ ಒದೆ ತಾಗಬಾರದು.

ಇಳಿಬಿಟ್ಟ ಹಗ್ಗದ ಉದ್ದವೇ ಇದರಲ್ಲಿ ಮುಖ್ಯ. ಮೂತಿ ನೆಲದ ಹುಲ್ಲಿಗೆ ಮುಟ್ಟಬೇಕು, ಆದರೆ ತಲೆ ಎತ್ತಿ ನಿಂತಾಗ ಹಗ್ಗದ ಕುಣಿಕೆ ಮುಂಗಾಲು ದಾಟುವಷ್ಟು ಕೆಳಗೆ ಬರಬಾರದು. ಕಟ್ಟಿದ ಮೇಲೆ ಅಲ್ಲೇ ನಿಂತು ಹುಲ್ಲು ಹಾಕಿ ನೋಡಿ, ಅದು ಬಗ್ಗಿ ತಿಂದು ತಲೆ ಎತ್ತುವುದನ್ನು ಗಮನಿಸಿ, ಆಮೇಲೆ ಸರಿಮಾಡಿ. ಒಂದು ಎಳೆತಕ್ಕೆ ಬಿಚ್ಚುವ ಗಂಟನ್ನೇ ಹಾಕಿ, ಚಾಕು ಜೇಬಿನಲ್ಲಿರಲಿ.

ಈಗ ಮನೆಯ ತಯಾರಿ. ಹಿತ್ತಲಲ್ಲೇ ಹೈಲೈನ್ ಕಟ್ಟಿ. ಮೊದಲು ಹಗಲಲ್ಲಿ ಒಂದೆರಡು ಗಂಟೆ, ಆಮೇಲೆ ಸಂಜೆಯಿಂದ ಮಲಗುವ ತನಕ, ಆಮೇಲೆ ರಾತ್ರಿಪೂರ್ತಿ. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ದೆಗೆ ಅದು ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಅಷ್ಟು ಬೇಕು. ಹೊಸ ಜಾಗದಲ್ಲಿ ಮೊದಲ ರಾತ್ರಿ ಬಹಳಷ್ಟು ಕುದುರೆಗಳು ಮಲಗುವುದಿಲ್ಲ. ಹಗ್ಗವೂ ಹೊಸದು, ಜಾಗವೂ ಹೊಸದು ಆದರೆ ಎರಡನೇ ದಿನ ನೀವು ಹತ್ತುವುದು ನಿದ್ದೆ ಇಲ್ಲದ ಕುದುರೆಯ ಮೇಲೆ. ಕಲ್ಲುಬಂಡೆಯ ದಾರಿಯಲ್ಲಿ ಅದು ಎಡವಿದರೆ ತಪ್ಪು ಅದರದ್ದಲ್ಲ.

ಹೆಣ್ಣು ಕುದುರೆಯ ಗೋಳಿನ ವಿಷಯ. ಇಬ್ಬರಲ್ಲಿ ಒಬ್ಬರು ಮಾತ್ರ ಸವಾರಿ ಹೋಗಿ ಇನ್ನೊಂದನ್ನು ಕ್ಯಾಂಪ್‌ನಲ್ಲಿ ಕಟ್ಟಿ ಬಿಟ್ಟು ಹೋಗುವ ಯೋಚನೆ ಇದ್ದರೆ ಈ ಸಲ ಕೈಬಿಡಿ. ಹೋದರೆ ಎರಡೂ ಹೋಗಲಿ, ಉಳಿದರೆ ಎರಡೂ ಉಳಿಯಲಿ. ಬೇರೆ ಮಾಡುವ ಅಭ್ಯಾಸವನ್ನು ಮನೆಯಲ್ಲಿ ನಿಧಾನಕ್ಕೆ ಮಾಡಿ. ಗಂಡನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಿ, ಹೆಣ್ಣು ಗಾಬರಿಯಾಗುವ ಮುಂಚೆಯೇ ವಾಪಸ್ ತನ್ನಿ, ದೂರ ಹೆಚ್ಚಿಸುತ್ತಾ ಹೋಗಿ. ಕೂಗಾಟ ಶುರುವಾದ ಮೇಲೆ ತಂದರೆ ಕೂಗಿದರೆ ಬರುತ್ತಾನೆ ಅಂತ ಕಲಿಯುತ್ತದೆ.

ಗೊರಸಿನ ಸದ್ದು

ಸಡಿಲ ಲಗಾಮು ಅವರು ಹೇಳಿದ್ದು ಒಪ್ಪುತ್ತೇನೆ, ಆದರೆ ಹೈಲೈನ್ ಒಂದೇ ದಾರಿ ಅನ್ನುವುದನ್ನು ಒಪ್ಪುವುದಿಲ್ಲ. ಬೇಲಿಯೊಳಗೆ ಬಿಟ್ಟು ಸಾಕಿದ ಕುದುರೆಗೆ ಬೇಲಿಯೇ ಹತ್ತಿರದ್ದು. ಟ್ರೇಲರ್‌ನಲ್ಲಿ ಸಾಗಿಸಬಹುದಾದ ಪೈಪಿನ ಪ್ಯಾನೆಲ್‌ಗಳು ಸಿಗುತ್ತವೆ, ನಾಲ್ಕೈದು ಜೋಡಿಸಿದರೆ ಒಂದು ಸಣ್ಣ ಆವರಣ. ಭಾರ ಜಾಸ್ತಿ, ಆದರೆ ಒಳಗೆ ಕುದುರೆ ತಿರುಗಾಡುತ್ತದೆ, ಹೊರಳುತ್ತದೆ, ಮಲಗುತ್ತದೆ. ರಾತ್ರಿಯೆಲ್ಲ ಹೆಜ್ಜೆ ಹಾಕಿದರೆ ಹೊಟ್ಟೆಯೂ ಸರಿಯಾಗಿ ಕೆಲಸ ಮಾಡುತ್ತದೆ. ಪ್ಯಾನೆಲ್‌ಗಳನ್ನು ಒಂದಕ್ಕೊಂದು ಬಿಗಿಯಾಗಿ ಕಟ್ಟಿ, ಒಂದು ಬದಿ ಟ್ರೇಲರ್‌ಗೆ ಸೇರಿಸಿ. ಸಡಿಲ ಬಿಟ್ಟರೆ ಕುದುರೆ ಎದೆಯಿಂದಲೇ ತಳ್ಳಿಕೊಂಡು ಹೋಗುತ್ತದೆ.

ಬ್ಯಾಟರಿ ಮೇಲೆ ನಡೆಯುವ ವಿದ್ಯುತ್ ಬೇಲಿಯೂ ಇದೆ, ಹಗುರ. ಆದರೆ ಅದು ನಿಲ್ಲಿಸುವುದು ಭಯದಿಂದ, ಬಲದಿಂದ ಅಲ್ಲ. ಕಾಡುಹಂದಿಯೋ ಜಿಂಕೆಯೋ ಹತ್ತಿರ ನುಗ್ಗಿದರೆ ಕುದುರೆ ತಂತಿಯನ್ನೇ ಕಿತ್ತುಕೊಂಡು ಹೋಗುತ್ತದೆ. ಮನೆಯಲ್ಲಿ ಅದರ ಪರಿಚಯ ಇರುವ ಕುದುರೆಗೆ ಮಾತ್ರ ಅದು.

ಎಲ್ಲಕ್ಕಿಂತ ಮೊದಲು ಆ ಕ್ಯಾಂಪ್‌ಗ್ರೌಂಡ್‌ಗೆ ಫೋನ್ ಮಾಡಿ ಕೇಳಿ. ಹೈಲೈನ್ ಬಿಡುತ್ತಾರಾ, ಪ್ಯಾನೆಲ್ ಬಿಡುತ್ತಾರಾ, ಹೊರಗಿನ ಹುಲ್ಲು ತರಬಹುದಾ, ಲದ್ದಿ ಎಲ್ಲಿ ಹಾಕಬೇಕು, ಟ್ರೇಲರ್ ತಿರುಗಿಸಲು ಜಾಗ ಇದೆಯಾ. ಕೆಲವು ಕಡೆ ಕಳೆ ಬೀಜ ಇಲ್ಲದ ಹುಲ್ಲು ಅಂತ ಪ್ರಮಾಣ ಮಾಡಿದ ಹುಲ್ಲನ್ನು ಮಾತ್ರ ಒಳಗೆ ಬಿಡುತ್ತಾರೆ. ಕಳೆ ಬೀಜ ಕುದುರೆಯ ಹೊಟ್ಟೆಯೊಳಗಿಂದ ಜೀವಂತವಾಗಿಯೇ ಹೊರಬರುತ್ತದೆ, ಕಾಡಿನಲ್ಲಿ ಮೊಳೆಯುತ್ತದೆ. ಹಾಗಾಗಿ ಅಂಥ ಹುಲ್ಲನ್ನು ಹೊರಡುವ ಮೂರು ನಾಲ್ಕು ದಿನ ಮುಂಚೆಯೇ ಮನೆಯಲ್ಲಿ ಶುರುಮಾಡಬೇಕು. ಇದು ಹೊಟ್ಟೆಗೂ ಒಳ್ಳೆಯದೇ, ಮೇವು ಇದ್ದಕ್ಕಿದ್ದಂತೆ ಬದಲಾಗಬಾರದು ಅಲ್ವಾ.

ಕುದುರೆ ವೈದ್ಯೆ

ಪಶುವೈದ್ಯೆಯಾಗಿ ನೀರಿನ ಬಗ್ಗೆ ಹೇಳುತ್ತೇನೆ. ಕ್ಯಾಂಪಿಂಗ್‌ನಲ್ಲಿ ಕುದುರೆಯ ಜೀವಕ್ಕೆ ಬರುವ ಅಪಾಯಗಳಲ್ಲಿ ನಾನು ಮೊದಲು ಇಡುವುದು ನೀರು ಕುಡಿಯದೆ ಇರುವುದನ್ನು.

500 ಕಿಲೋ ತೂಕದ ಕುದುರೆ ತಣ್ಣಗಿನ ದಿನ ಸುಮ್ನೆ ನಿಂತಿದ್ದರೂ 20 ರಿಂದ 40 ಲೀಟರ್ ಕುಡಿಯುತ್ತದೆ. ಬಿಸಿಲಲ್ಲಿ ಬೆಟ್ಟ ಹತ್ತಿಸಿದರೆ ಇದರ ಎರಡರಷ್ಟು ಬೇಕಾಗಬಹುದು. ಆದರೆ ಎಷ್ಟೋ ಕುದುರೆಗಳಿಗೆ ಹೊಸ ನೀರಿನ ರುಚಿ ಹಿಡಿಸುವುದಿಲ್ಲ, ಮೂತಿ ಅದ್ದಿ ತೆಗೆದುಬಿಡುತ್ತವೆ. ಒಣಹುಲ್ಲು ತಿಂದು ನೀರು ಕುಡಿಯದಿದ್ದರೆ ದೊಡ್ಡ ಕರುಳಿನಲ್ಲಿ ಮೇವು ಒಣಗಿ ಗಟ್ಟಿಯಾಗಿ ನಿಂತುಬಿಡುತ್ತದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಗೆ ಬರಬೇಕು, ಇಲ್ಲದಿದ್ದರೆ ಶೂಲೆ, ಅಂದರೆ ಜೀವಕ್ಕೇ ಕುತ್ತಾಗಬಲ್ಲ ಹೊಟ್ಟೆನೋವು.

ಅದಕ್ಕೆ ಮೂರು ಉಪಾಯ. ಆಗುವಷ್ಟು ನೀರು ಮನೆಯಿಂದಲೇ ಒಯ್ಯಿರಿ, ಮೊದಲ ದಿನಕ್ಕಾದರೂ. ಹೊರಡುವ ವಾರ ಮೊದಲೇ ಮನೆಯ ನೀರಿಗೆ ಸ್ವಲ್ಪ ಸೇಬಿನ ರಸ ಬೆರೆಸಿ ಅಭ್ಯಾಸ ಮಾಡಿಸಿ, ಅಲ್ಲಿಯೂ ಅದನ್ನೇ ಬೆರೆಸಿದರೆ ನೀರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಹುಲ್ಲನ್ನು ನೀರಿನಲ್ಲಿ ನೆನೆಸಿ ಕೊಡಿ, ತಿನ್ನುತ್ತಲೇ ನೀರು ಒಳಗೆ ಹೋಗುತ್ತದೆ. ಉಪ್ಪಿನ ಪುಡಿ ಬೆರೆಸಿದ ನೀರು ಕೊಡುವುದಾದರೆ ಪಕ್ಕದಲ್ಲಿ ಸಾದಾ ನೀರಿನ ಬಕೆಟ್ ಇರಲೇಬೇಕು.

ಬಕೆಟ್ ನಿಮ್ಮದೇ ಇರಲಿ. ಕ್ಯಾಂಪ್‌ನಲ್ಲಿ ಎಲ್ಲರ ಕುದುರೆಗಳೂ ಮೂತಿ ಇಡುವ ತೊಟ್ಟಿ ಇದ್ದರೆ ಅದರಲ್ಲಿ ಕುಡಿಸಬೇಡಿ, ನಲ್ಲಿಯಿಂದ ಬಕೆಟ್‌ಗೆ ಹಿಡಿಯಿರಿ. ಗಂಟಲು ಊದಿ ಕೀವಾಗುವ ಸ್ಟ್ರಾಂಗಲ್ಸ್ ಅನ್ನುವ ರೋಗ ಹರಡುವುದೇ ಹೀಗೆ, ಅದರ ಬ್ಯಾಕ್ಟೀರಿಯಾ ತೊಟ್ಟಿಯ ನೀರಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. ಬೇರೆಯವರ ಕುದುರೆಗೆ ಮೂತಿಗೆ ಮೂತಿ ತಾಗಿಸಿ ಪರಿಚಯ ಮಾಡಿಸುವುದೂ ಬೇಡ, ಎಷ್ಟು ಮುದ್ದಾಗಿ ಕಂಡರೂ. ಕಾಗಿನ್ಸ್ ಪರೀಕ್ಷೆಯ ಕಾಗದ ಕೇಳುವ ಕ್ಯಾಂಪ್‌ಗ್ರೌಂಡ್ ಸಿಕ್ಕರೆ ಅದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ದೊಡ್ಡ ಕಚ್ಚುವ ನೊಣಗಳಿಂದ ಹರಡುವ ರಕ್ತಹೀನತೆಯ ವೈರಸ್ ಅದರಲ್ಲಿ ಗೊತ್ತಾಗುತ್ತದೆ, ಆ ರೋಗ ವಾಸಿಯಾಗುವುದಿಲ್ಲ.

ಈಗ ಕೆರೆ ನೀರು. ತಿಳಿಯಾಗಿದ್ದು, ಅಲೆ ಆಡುತ್ತಿದ್ದು, ದಡ ಗಟ್ಟಿ ಇದ್ದರೆ ಸಾಮಾನ್ಯವಾಗಿ ಕುಡಿಸಬಹುದು. ಆದರೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ, ಕೆನೆಗಟ್ಟಿದಂತೆ ಕಂಡರೆ ಹತ್ತಿರ ಕೂಡ ಬಿಡಬೇಡಿ. ಅದು ನೀಲಿ ಹಸಿರು ಪಾಚಿ, ಬಿಸಿಲು ಜಾಸ್ತಿ ಇದ್ದು ಗಾಳಿ ಇಲ್ಲದ ದಿನಗಳಲ್ಲಿ ಹಬ್ಬುತ್ತದೆ. ಅದರ ವಿಷಗಳಲ್ಲಿ ಕೆಲವು ಲಿವರ್ ಕೆಡಿಸುತ್ತವೆ, ಕೆಲವು ನರಗಳನ್ನು ಹಿಡಿಯುತ್ತವೆ. ಕುದಿಸಿದರೂ ಆ ವಿಷ ಹೋಗುವುದಿಲ್ಲ. ಗಾಳಿ ಬೀಸಿದಾಗ ಪಾಚಿ ಎಲ್ಲ ಒಂದು ದಡಕ್ಕೆ ಬಂದು ಸೇರುತ್ತದೆ, ಹಾಗಾಗಿ ಬೆಳಿಗ್ಗೆ ತಿಳಿಯಾಗಿದ್ದ ದಡ ಸಂಜೆಗೆ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ಪ್ರತಿ ಸಲ ನೋಡಿ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಉತ್ತರ ಅಮೆರಿಕದ ನದಿ, ಕೆರೆಗಳ ಹತ್ತಿರ ಪೊಟೋಮ್ಯಾಕ್ ಜ್ವರ ಅಂತ ಒಂದು ಇದೆ, 1979ರಲ್ಲಿ ಪೊಟೋಮ್ಯಾಕ್ ನದಿಯ ಬಳಿ ಮೊದಲು ಗುರುತಿಸಿದ್ದರಿಂದ ಆ ಹೆಸರು. ನೀರಿನಲ್ಲಿ ಹುಟ್ಟಿ ರೆಕ್ಕೆ ಬಂದು ಹಾರುವ ಹುಳುಗಳು ಆ ರೋಗವನ್ನು ಹೊತ್ತಿರುತ್ತವೆ. ರಾತ್ರಿ ದೀಪಕ್ಕೆ ಮುತ್ತಿ, ಸತ್ತು ಮೇವಿನ ಮೇಲೆ, ಬಕೆಟ್‌ನೊಳಗೆ ಬೀಳುತ್ತವೆ. ಕುದುರೆ ಮೇವಿನ ಜೊತೆ ಅವನ್ನೂ ತಿನ್ನುತ್ತದೆ. ಜ್ವರ, ಭೇದಿ, ಆಮೇಲೆ ಗೊರಸಿನ ಒಳಗೆ ಊತ. ಅಲ್ಲಿ ಕ್ಯಾಂಪ್ ಮಾಡುವವರು ಕುದುರೆ ಕಟ್ಟಿದ ಜಾಗದಲ್ಲಿ ರಾತ್ರಿ ದೀಪ ಹಚ್ಚಿಡಬಾರದು, ಬೆಳಿಗ್ಗೆ ಬಕೆಟ್ ನೀರು ಚೆಲ್ಲಿ ಹೊಸದಾಗಿ ತುಂಬಬೇಕು. ಲಸಿಕೆ ಇದೆ, ಆದರೆ ಪೂರ್ತಿ ಕಾಪಾಡುವುದಿಲ್ಲ.

ಕೊನೆಗೆ ನಿಮ್ಮ ಕುದುರೆಯ ಮಾಮೂಲಿ ಲೆಕ್ಕವನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28 ರಿಂದ 44, ಉಸಿರು 8 ರಿಂದ 16, ಮೈಬಿಸಿ ಸುಮಾರು 37.2 ರಿಂದ 38.3 ಡಿಗ್ರಿ ಸೆಲ್ಸಿಯಸ್. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಕೆಂಪು ವಾಪಸ್ ಬರಬೇಕು. ಸವಾರಿ ಮುಗಿಸಿ ಅರ್ಧ ಗಂಟೆಯಾದರೂ ನಾಡಿ 60ಕ್ಕಿಂತ ಕೆಳಗೆ ಇಳಿಯದಿದ್ದರೆ ಅವತ್ತಿನ ಸವಾರಿ ಅದಕ್ಕೆ ಜಾಸ್ತಿಯಾಗಿದೆ, ಅಥವಾ ಎಲ್ಲೋ ನೋವಿದೆ. ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ಮಲಗಿ ಏಳುವುದು, ಲದ್ದಿ ನಿಲ್ಲುವುದು, ಮೇವು ಬಿಡುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಕ್ಯಾಂಪ್‌ಗೆ ಹತ್ತಿರದ ಕುದುರೆ ಡಾಕ್ಟರ್ ನಂಬರ್ ಹೊರಡುವ ಮೊದಲೇ ಕಾಗದದಲ್ಲಿ ಬರೆದಿಡಿ, ಕಾಡಿನಲ್ಲಿ ನೆಟ್‌ವರ್ಕ್ ಎಲ್ಲಿ ಸಿಗುತ್ತದೆ ಅಂತಲೂ ಹೋದ ತಕ್ಷಣ ನೋಡಿಟ್ಟುಕೊಳ್ಳಿ.

ಹೊಸ ಸವಾರ

ಡಾಕ್ಟ್ರೇ, ತುಂಬಾ ಥ್ಯಾಂಕ್ಸ್. ದೀಪದ ವಿಷಯ ನಿಜವಾಗಿಯೂ ಗೊತ್ತಿರಲಿಲ್ಲ, ಟ್ರೇಲರ್‌ಗೆ ದೊಡ್ಡ ಲೈಟ್ ಹಾಕಿಸಬೇಕು ಅಂತ ನೋಡುತ್ತಿದ್ದೆ. ಸಡಿಲ ಲಗಾಮು ಸರ್, ಹಿತ್ತಲಲ್ಲಿ ಎರಡು ಗಟ್ಟಿ ಮರ ಇವೆ, ಇವತ್ತೇ ಅಳತೆ ನೋಡುತ್ತೇನೆ. ಪ್ಯಾನೆಲ್ ಸದ್ಯಕ್ಕೆ ಆಗುವುದಿಲ್ಲ, ನಮ್ಮ ಟ್ರೇಲರ್ ಚಿಕ್ಕದು.

ಪ್ರಯಾಣ ಸುಮಾರು ಐದು ಗಂಟೆ ಆಗುತ್ತದೆ. ಹೋದ ದಿನವೇ ಸವಾರಿ ಮಾಡಬಹುದಾ? ಮತ್ತೆ ಈಜಿನ ಬಗ್ಗೆ ಯಾರೂ ಹೇಳಲಿಲ್ಲ, ಹೆಂಡತಿ ಪಕ್ಕದಲ್ಲೇ ಕೂತು ಕೇಳುತ್ತಿದ್ದಾಳೆ.

ಕುದುರೆ ವೈದ್ಯೆ

ಹೋದ ದಿನ ಬೇಡ. ಟ್ರೇಲರ್‌ನಲ್ಲಿ ನಿಂತು ಬರುವುದೂ ಅದಕ್ಕೆ ದುಡಿಮೆಯೇ, ಪ್ರತಿ ತಿರುವಿಗೂ ಪ್ರತಿ ಬ್ರೇಕಿಗೂ ಮೈ ಬಿಗಿಹಿಡಿದು ನಿಲ್ಲಬೇಕು. ತಲೆ ಮೇಲೆತ್ತಿ ಕಟ್ಟಿದ ಹಾಗೇ ಗಂಟೆಗಟ್ಟಲೆ ಸಾಗಿಸಿದರೆ ಮೂಗಿನ, ಗಂಟಲಿನ ಕೊಳೆ ಕೆಳಗೆ ಇಳಿದು ಹೊರಬರುವ ಬದಲು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರಯಾಣದ ನ್ಯುಮೋನಿಯಾ ಬರುವುದು ಹಾಗೆ. ಮಧ್ಯದಲ್ಲಿ ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ, ಹಗ್ಗ ಸಡಿಲಿಸಿ, ತಲೆ ಪೂರ್ತಿ ಕೆಳಗೆ ಬಿಡುವಂತೆ ಮಾಡಿ. ಹೆದ್ದಾರಿ ಪಕ್ಕದಲ್ಲಿ ಮಾತ್ರ ಕೆಳಗೆ ಇಳಿಸಬೇಡಿ. ತಲುಪಿದ ಮೇಲೆ ಕೈಯಲ್ಲಿ ಹಿಡಿದು ನಡೆಸಿ, ಮೇಯಲು ಬಿಡಿ, ನೀರು ಕುಡಿಯಲಿ. ಸವಾರಿ ಮರುದಿನ.

ಹೊಳೆದಾರಿ

ಅಕ್ಕನಿಗೋಸ್ಕರ ಈಜಿನ ವಿಷಯ ನಾನು ಬರೆಯುತ್ತೇನೆ. ನೀರಿನಲ್ಲಿ ಕುದುರೆ ಜೊತೆ ಇರುವುದು ನನಗೆ ಪ್ರಾಣಕ್ಕಿಂತ ಇಷ್ಟವಾದ ವಿಷಯ. ಕಾಲು ನೆಲ ಬಿಡುತ್ತಿದ್ದಂತೆ ಅದರ ಬೆನ್ನು ಒಮ್ಮೆ ಮುಳುಗಿ ಮೇಲೆ ಬರುತ್ತದೆ, ಜೋರಾಗಿ ಉಸಿರು ಬಿಡುತ್ತಾ ಕಿವಿ ಮುಂದೆ ಮಾಡಿಕೊಂಡು ಹೋಗುತ್ತದೆ. ಆ ಸಂತೋಷವನ್ನು ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಮೊಣಕಾಲು ನೀರು ದಾಟದ ಕುದುರೆಗೆ ಈ ವಾರಾಂತ್ಯ ಈಜು ಬೇಡ. ಈ ಸಲ ಹೊಟ್ಟೆ ಮಟ್ಟದ ತನಕ ಹೋಗಿ ಬರುವುದು ಸಾಕು.

ಮೊದಲು ನೀವು ಕಾಲಿಟ್ಟು ತಳ ನೋಡಿ. ಮರಳು, ಸಣ್ಣ ಜಲ್ಲಿ ಇದ್ದರೆ ಸರಿ. ಕೆಸರು ಇದ್ದರೆ ಅಲ್ಲಿ ಬೇಡವೇ ಬೇಡ. ಮನುಷ್ಯನ ಕಾಲು ಪಾದದ ತನಕ ಹೂತರೆ ಕುದುರೆಯ ಸಣ್ಣ ಗೊರಸಿನ ಮೇಲೆ 500 ಕಿಲೋ ಬಿದ್ದು ಅದು ಹೊಟ್ಟೆ ತನಕ ಹೂತುಹೋಗಬಹುದು. ಮುಳುಗಿದ ಮರದ ಕೊಂಬೆ, ಮೀನುಗಾರರ ಬಲೆ, ದೋಣಿ ಕಟ್ಟುವ ತಂತಿ ಇದೆಯಾ ನೋಡಿ. ಜನ ಸ್ನಾನ ಮಾಡುವ ಜಾಗಕ್ಕೆ ಕುದುರೆ ತರಬೇಡಿ, ಎಲ್ಲಿ ಇಳಿಸಲು ಒಪ್ಪಿಗೆ ಇದೆ ಅಂತ ಮೊದಲೇ ಕೇಳಿ. ಎಷ್ಟೋ ಕೆರೆಗಳು ಕುಡಿಯುವ ನೀರಿನವು, ಅಲ್ಲಿ ಇಳಿಸಲು ಬಿಡುವುದೇ ಇಲ್ಲ.

ಗಂಡನ್ನು ಮುಂದೆ ಬಿಡಿ. ಅದು ಸಮಾಧಾನದ್ದು, ಹೆಣ್ಣು ಹೇಗೂ ಅದರ ಹಿಂದೆ ಬರುತ್ತದೆ, ಇಲ್ಲಿ ಅದರ ಅಂಟಿಕೊಳ್ಳುವ ಸ್ವಭಾವವೇ ಉಪಯೋಗಕ್ಕೆ ಬರುತ್ತದೆ. ತಲೆ ಕೆಳಗೆ ಹಿಡಿದಿಡುವ ಯಾವುದೇ ಪಟ್ಟಿ ಜೀನಿನಿಂದ ಮೂತಿಗೆ ಕಟ್ಟಿದ್ದರೆ ನೀರಿಗಿಳಿಯುವ ಮೊದಲೇ ಬಿಚ್ಚಿ. ಈಜುವಾಗ ಕುದುರೆ ತಲೆ ಮುಂದಕ್ಕೆ, ಮೇಲಕ್ಕೆ ಚಾಚಲೇಬೇಕು, ಆ ಪಟ್ಟಿ ಬಿಡದೆ ಮೂಗು ಮುಳುಗಿ ಸತ್ತ ಕುದುರೆಗಳಿವೆ. ಲಗಾಮು ಎಳೆಯಬೇಡಿ, ಸಡಿಲ ಬಿಡಿ.

ಮುಂಗಾಲಿನಿಂದ ನೀರು ಬಡಿಯಲು ಶುರುಮಾಡಿದರೆ ಅದು ಆಟವೂ ಇರಬಹುದು, ಆದರೆ ಬಹಳ ಸಲ ಮುಂದಿನ ಕ್ಷಣ ಮಲಗಿ ಹೊರಳುತ್ತದೆ, ಜೀನು ಇದ್ದರೂ, ನೀವು ಮೇಲೆ ಇದ್ದರೂ. ಬಡಿಯುತ್ತಿದ್ದಂತೆ ಹಿಮ್ಮಡಿ ಕೊಟ್ಟು ಮುಂದೆ ನಡೆಸಿ. ಮುಂದೆ ಯಾವಾಗಲೋ ನಿಜವಾಗಿ ಈಜುವ ದಿನ ಬಂದಾಗ ಇದು ನೆನಪಿರಲಿ. ಬೆನ್ನ ಮೇಲಿಂದ ಜಾರಿದರೆ ಅದರ ಪಕ್ಕಕ್ಕೆ ಬನ್ನಿ, ಕತ್ತಿನ ಕೂದಲು ಹಿಡಿದುಕೊಳ್ಳಿ. ಮುಂದೆ ಹೋಗಬೇಡಿ. ಈಜುವ ಕುದುರೆಯ ಮುಂಗಾಲು ನೀರೊಳಗೆ ಎಲ್ಲಿ ಬೀಸುತ್ತದೆ ಅಂತ ಕಾಣುವುದಿಲ್ಲ, ಆ ಏಟು ಎದೆಗೆ ಬಿದ್ದರೆ ಮನುಷ್ಯ ಏಳುವುದು ಕಷ್ಟ. ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ. ಈಜು ಕುದುರೆಗೆ ನಾಗಾಲೋಟದಷ್ಟೇ ಶ್ರಮ, ಸ್ವಲ್ಪ ಹೊತ್ತಿಗೇ ಸಾಕು.

ಹೊರಗೆ ಬಂದ ಮೇಲೆ ಒದ್ದೆ ಜೀನಿನಲ್ಲೇ ಗಂಟೆಗಟ್ಟಲೆ ಸವಾರಿ ಮಾಡಬೇಡಿ, ಹೊಟ್ಟೆಪಟ್ಟಿಯ ಕೆಳಗೆ ಚರ್ಮ ಉಜ್ಜಿ ಹೋಗುತ್ತದೆ. ಬರಿಬೆನ್ನಲ್ಲೇ ಇಳಿಯುವುದು ಎಲ್ಲಕ್ಕಿಂತ ಚೆನ್ನ.

ಸಡಿಲ ಲಗಾಮು

ಹೊಳೆದಾರಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಕುಡಿಸಲು ಕೆರೆಗೆ ಕರೆದುಕೊಂಡು ಹೋಗಿ, ಆದರೆ ಹೈಲೈನ್ ಮಾತ್ರ ನೀರಿನಿಂದ ಕನಿಷ್ಠ 60 ಮೀಟರ್ ದೂರ ಇರಲಿ. ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ, ಮಳೆ ಬಂದರೆ ಅದೆಲ್ಲ ಕೆರೆಗೇ. ಬೆಳಿಗ್ಗೆ ಹೊರಡುವಾಗ ಲದ್ದಿ ತುಂಬಿ ಅವರು ಹೇಳಿದ ಗುಂಡಿಗೆ ಹಾಕಿ, ಉಳಿದ ಹುಲ್ಲು ಬಳಿದು ತೆಗೆಯಿರಿ, ಗೊರಸಿನ ಗುಂಡಿಗಳನ್ನು ಮುಚ್ಚಿ.

ಕಟ್ಟುವ ಜಾಗದ ಸುತ್ತ ಗಿಡಗಳನ್ನೂ ನೋಡಿ. ಕಣಗಿಲೆ ಕೈಗೆಟಕುವಷ್ಟು ಹತ್ತಿರ ಇದ್ದರೆ ಬೇರೆ ಜಾಗ ಹುಡುಕಿ, ಸ್ವಲ್ಪ ಎಲೆ ತಿಂದರೂ ಹೃದಯ ನಿಲ್ಲಿಸುತ್ತದೆ. ಯೂ ಮರವೂ ಹಾಗೇ. ಕೆಂಪು ಮೇಪಲ್‌ನ ಬಾಡಿದ ಎಲೆ ರಕ್ತ ಕೆಡಿಸುತ್ತದೆ. ಕಾಳಿನ ಡಬ್ಬ ಗಟ್ಟಿ ಮುಚ್ಚಳದ್ದಿರಲಿ, ಒಮ್ಮೆ ಕುದುರೆ ಬಿಚ್ಚಿಕೊಂಡು ಡಬ್ಬಕ್ಕೆ ಬಾಯಿ ಹಾಕಿದರೆ ಶೂಲೆ ಮತ್ತು ಗೊರಸಿನ ಊತ ಎರಡೂ ಗ್ಯಾರಂಟಿ. ಪಕ್ಕದವರು ದನದ ಮೇವು ಕೊಟ್ಟರೆ ಬೇಡ ಅನ್ನಿ. ದನದ, ಕೋಳಿಯ ಮೇವಿಗೆ ಬೆರೆಸುವ ಮೊನೆನ್ಸಿನ್ ಕುದುರೆಗೆ ವಿಷ.

ಹಾಲ್ಟರ್‌ಗೆ, ಅಂದರೆ ಕುದುರೆಯ ತಲೆಗೆ ಹಾಕುವ ಪಟ್ಟಿಗೆ, ಒಂದು ಚೀಟಿ ಕಟ್ಟಿ ನಿಮ್ಮ ಫೋನ್ ನಂಬರ್, ಕ್ಯಾಂಪ್‌ನಲ್ಲಿ ನಿಮ್ಮ ಜಾಗದ ನಂಬರ್ ಬರೆಯಿರಿ. ಬಿಚ್ಚಿಕೊಂಡು ಹೋದರೆ ಅಟ್ಟಿಸಿಕೊಂಡು ಓಡಬೇಡಿ, ಅಟ್ಟಿದಷ್ಟೂ ಓಡುತ್ತದೆ. ಇನ್ನೊಂದನ್ನು ಅಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳಿ, ಬಕೆಟ್‌ನಲ್ಲಿ ಕಾಳು ಹಾಕಿ ಅಲುಗಾಡಿಸುತ್ತಾ ನಿಲ್ಲಿ. ಜೊತೆಗಾರ ಇರುವ ಕಡೆಗೇ ವಾಪಸ್ ಬರುವುದು ಜಾಸ್ತಿ, ಇಲ್ಲದಿದ್ದರೆ ಬಂದ ದಾರಿ ಹಿಡಿದು ಹೋಗಿರುತ್ತದೆ, ಮೊದಲು ಆ ಕಡೆ ಹುಡುಕಿ.

ಹೊಸ ಸವಾರ

ಎಲ್ಲವನ್ನೂ ಬರೆದುಕೊಂಡೆ. ಹೆಂಡತಿಯೂ ಒಪ್ಪಿದಳು, ಈ ಸಲ ಹೊಟ್ಟೆ ಮಟ್ಟದ ನೀರು ಅಷ್ಟೇ. ಹಿತ್ತಲಲ್ಲಿ ರಾತ್ರಿಪೂರ್ತಿ ನಿಂತು ಅಭ್ಯಾಸ ಆಗುವ ತನಕ ಹೊರಡುವುದಿಲ್ಲ, ಬುಕಿಂಗ್ ಮುಂದಕ್ಕೆ ಹಾಕಿದೆ. ಕೊನೆಯ ಒಂದು ಪ್ರಶ್ನೆ. ಅಲ್ಲಿ ರಾತ್ರಿ ಎದ್ದು ನೋಡಬೇಕಾ? ಟಾರ್ಚ್ ಹಾಕಿದರೆ ಹೆದರುತ್ತವಾ?

ಗೊರಸಿನ ಸದ್ದು

ನೋಡಬೇಕು. ಟೆಂಟನ್ನು ಸದ್ದು ಕೇಳುವಷ್ಟು ಹತ್ತಿರ ಹಾಕಿ, ಒದೆಗೆ ಸಿಗದಷ್ಟು ದೂರ. ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ಒಮ್ಮೆ ಎದ್ದು ಹಗ್ಗ ಸುತ್ತಿಕೊಂಡಿದೆಯಾ, ನೀರು ಎಷ್ಟು ಇಳಿದಿದೆ, ಹೊಸ ಲದ್ದಿ ಬಿದ್ದಿದೆಯಾ ನೋಡಿ, ಮುಗಿದಿದ್ದರೆ ಇನ್ನೊಂದು ಹಿಡಿ ಹುಲ್ಲು ಹಾಕಿ ಬನ್ನಿ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಸುರಿಯುವುದು ನಿಲ್ಲುವುದೇ ಇಲ್ಲ, ರಾತ್ರಿಯೆಲ್ಲ ಖಾಲಿ ಬಿಡಬಾರದು.

ಕತ್ತಲಲ್ಲಿ ಅವಕ್ಕೆ ನಮಗಿಂತ ಚೆನ್ನಾಗಿ ಕಾಣುತ್ತದೆ, ಆದರೆ ಬೆಳಕಿನಿಂದ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ನಮಗಿಂತ ಜಾಸ್ತಿ ಹೊತ್ತು ಬೇಕು. ಟಾರ್ಚನ್ನು ಮುಖಕ್ಕೆ ಹಿಡಿಯದೆ ನೆಲಕ್ಕೆ ಹಿಡಿಯಿರಿ, ಮಂದ ಬೆಳಕಿದ್ದರೆ ಒಳ್ಳೆಯದು. ದೂರದಿಂದಲೇ ಹೆಸರು ಹಿಡಿದು ಕರೆಯುತ್ತಾ ಹೋಗಿ, ಹಿಂದಿನಿಂದ ಸದ್ದಿಲ್ಲದೆ ಹೋಗಬೇಡಿ. ಇದನ್ನೂ ಹಿತ್ತಲಲ್ಲೇ ಶುರುಮಾಡಿ, ಹೈಲೈನ್ ಕಟ್ಟಿದ ಮೊದಲ ರಾತ್ರಿಯಿಂದಲೇ.